ಎಂಜಿಬಿಗೆ ಯಾವ ಸೀಟು: ಹಳೆಯದೇ, ಮಾಜ್ದಾದ್ದೇ, ಬಕೆಟ್ಟೇ?

ಎಂಜಿಬಿ ರೋಡ್‌ಸ್ಟರ್‌ಗೆ, ಅಂದರೆ ಇಬ್ಬರು ಕೂರುವ ಆ ಹಳೆಯ ತೆರೆದ ಕಾರಿಗೆ, ಬದಲಿ ಸೀಟು ಹುಡುಕುವವರು ಮೊದಲು ನೋಡುವುದು ಬಣ್ಣ, ಹೊಲಿಗೆ, ಪಕ್ಕದ ಉಬ್ಬು. ನೋಡಬೇಕಾದ್ದು ಎತ್ತರ. 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ ತಯಾರಾದ ಈ ಗಾಡಿಯಲ್ಲಿ ತೊಡೆಗೂ ಸ್ಟಿಯರಿಂಗಿಗೂ ನಡುವೆ ಜಾಗ ಕಡಿಮೆ, ಮುಂದಿನ ಗಾಜಿನ ಮೇಲಂಚಿನ ಪಟ್ಟಿ ಉದ್ದನೆಯವರ ಕಣ್ಣಿಗೆ ಸರಿಯಾಗಿ ಅಡ್ಡ. ಸೀಟು ಒಂದಿಂಚು ಮೇಲೆದ್ದರೂ ತೊಡೆ ಉಜ್ಜುತ್ತದೆ, ಸಿಗ್ನಲ್ ನೋಡಲು ಕತ್ತು ಬಗ್ಗಿಸಬೇಕಾಗುತ್ತದೆ. ಅಂಗಡಿಯಲ್ಲಿ ಸೋಫಾದಂತೆ ಹಿತವಾಗಿದ್ದದ್ದು ಗಾಡಿಯೊಳಗೆ ಶಿಕ್ಷೆಯಾಗುವುದು ಹೀಗೆ.

ಹಾಗಾಗಿ ದುಡ್ಡು ಕೊಡುವ ಮೊದಲು ಹಳೆ ಸೀಟು ಬಿಚ್ಚಿ, ನೆಲದ ಮೇಲೆ ಹಲಗೆ ಪೇರಿಸಿ ಕೂತು ನೋಡಿ. ತೊಡೆಗೂ ಸ್ಟಿಯರಿಂಗಿಗೂ ನಡುವೆ ಅಂಗೈ ಸಲೀಸಾಗಿ ಆಡುವ ಎತ್ತರ ಎಷ್ಟೆಂದು ಬರೆದಿಟ್ಟುಕೊಳ್ಳಿ. ಹೊಸ ಸೀಟು ಹಳಿ (ಸೀಟು ಹಿಂದೆ ಮುಂದೆ ಜಾರುವ ಕಂಬಿ) ಸಮೇತ, ನಿಮ್ಮ ಭಾರಕ್ಕೆ ಕುಗ್ಗಿದ ಮೇಲೆ, ಅದನ್ನು ಮೀರಬಾರದು. ಚಿಕ್ಕ ಸ್ಟಿಯರಿಂಗ್ ಹಾಕಿದರಾಯಿತು ಎನ್ನುವವರಿದ್ದಾರೆ. 15 ಇಂಚಿನದ್ದು ತೆಗೆದು 14 ಹಾಕಿದರೆ ಕೆಳಗೆ ಸಿಗುವುದು ಅರ್ಧ ಇಂಚು ಮಾತ್ರ. ಅಗಲವನ್ನು ಮೂರು ಕಡೆ ಅಳೆಯಿರಿ: ನೆಲದಲ್ಲಿ, ಕೂರುವ ಮಟ್ಟದಲ್ಲಿ, ಮತ್ತು ಬಾಗಿಲು ಮುಚ್ಚಿಕೊಂಡು ಭುಜದ ಮಟ್ಟದಲ್ಲಿ. ಕ್ಯಾಟಲಾಗಿನಲ್ಲಿ ಬರೆದ ಅಗಲ ಯಾವ ಜಾಗದ್ದು ಎಂದು ಕೇಳದೆ ಕೊಳ್ಳಬೇಡಿ.

ಇನ್ನು ಆಯ್ಕೆಗಳು. ಬಹಳ ಜನಕ್ಕೆ ಬೇಕಾಗಿರುವುದು ಬೇರೆ ಸೀಟಲ್ಲ, ಇದ್ದ ಸೀಟಿನ ದುರಸ್ತಿ. ಎಪ್ಪತ್ತರ ದಶಕದ ಹಿಂದಕ್ಕೆ ವಾಲುವ ಸೀಟಿನ ಅಡಿಯಲ್ಲಿ ಸ್ಪ್ರಿಂಗ್ ಇಲ್ಲ. ರಬ್ಬರ್ ಹಾಳೆಯೊಂದನ್ನು ಕೊಕ್ಕೆಗಳಿಂದ ಚೌಕಟ್ಟಿಗೆ ಬಿಗಿದಿರುತ್ತಾರೆ. ಬಿಡಿಭಾಗದವರ ಭಾಷೆಯಲ್ಲಿ ಡಯಾಫ್ರಂ. ರಬ್ಬರ್ ಒಣಗಿ, ಕೊಕ್ಕೆಯ ತೂತುಗಳ ಹತ್ತಿರ ಸೀಳಿದಾಗ ಪೃಷ್ಠ ಕೆಳಗಿಳಿದು ಮೊಣಕಾಲು ಮೇಲೇಳುತ್ತದೆ, ಸೊಂಟ ನೋವು ಶುರುವಾಗುತ್ತದೆ. ಬೈಗುಳ ಮಾತ್ರ ಸೀಟಿನ ವಿನ್ಯಾಸಕ್ಕೆ. ಹೊಸ ಡಯಾಫ್ರಂ, ಹೊಸ ಸ್ಪಂಜು, ಹೊಸ ಕವರ್ ಮೂರೂ ಇಂದಿಗೂ ಸಿಗುತ್ತವೆ. ಸ್ಪಂಜನ್ನು ಅಚ್ಚಿನಲ್ಲಿ ಎರೆದದ್ದೇ ತೆಗೆದುಕೊಳ್ಳಿ. ಹಾಳೆಯಿಂದ ಕತ್ತರಿಸಿ ಅಂಟಿಸಿದ ಅಗ್ಗದ್ದು ಅಂಚಿನಲ್ಲಿ ಬೇಗ ಕುಸಿಯುತ್ತದೆ, ಆಮೇಲೆ ಪಕ್ಕದ ಪೈಪಿಂಗ್ (ಹೊಲಿಗೆಯಂಚಿನ ದಪ್ಪ ದಾರದಂಥ ಪಟ್ಟಿ) ಸೊಟ್ಟಗಾಗುತ್ತದೆ. ಹೊಸ ಸ್ಪಂಜು ಮೊದಮೊದಲು ಎತ್ತರವೆನಿಸುವುದು ಸಹಜ, ಕೂತು ಕೂತು ಇಳಿಯುತ್ತದೆ. ಅದಕ್ಕೆ ಹೆದರಿ ಮೊದಲ ವಾರವೇ ಚಾಕು ಹಿಡಿಯಬೇಡಿ.

ರೆಕ್ಸಿನ್ ಕವರ್ ಎಳೆಯುವಾಗ ಅದನ್ನು ಬಿಸಿಲಲ್ಲಿ ಒಂದು ಗಂಟೆ ಇಟ್ಟು ಮೆತ್ತಗೆ ಮಾಡಿಕೊಳ್ಳಿ. ಸ್ಪಂಜಿಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿದರೆ ಕವರ್ ಜಾರಿಕೊಂಡು ಇಳಿಯುತ್ತದೆ. ಹೊಲಿಗೆ ಗೆರೆ ಮೂಲೆಗೆ ಸರಿಯಾಗಿ ಕೂತ ಮೇಲೆ ಹಾಳೆಯನ್ನು ಎಳೆದು ತೆಗೆದು, ಆಮೇಲಷ್ಟೇ ಕ್ಲಿಪ್ ಹಾಕಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ನಿಮ್ಮೂರಲ್ಲೋ ಕುಷನ್ ಕೆಲಸದವರಿಗೆ ಕೊಡುವುದಾದರೆ, ಡಯಾಫ್ರಂ ಬದಲು ನೈಲಾನ್ ಪಟ್ಟಿ ಹೆಣೆದು ಮೇಲೆ ದಪ್ಪ ಸ್ಪಂಜು ತುಂಬಬೇಡಿ ಎಂದು ಮೊದಲೇ ಹೇಳಿ. ಹಾಗೆ ಮಾಡಿದರೆ ನೋಡಲು ಚೆಂದ, ಎತ್ತರದ ಲೆಕ್ಕ ಹಾಳು.

ಎರಡನೆಯದು ಮಾಜ್ದಾ ಎಂಎಕ್ಸ್-5 ಮೊದಲ ತಲೆಮಾರಿನ ಸೀಟು, 1989ರಿಂದ 1997ರವರೆಗಿನದು. ಅಗಲ ಕಡಿಮೆ, ಬೆನ್ನು ವಾಲುತ್ತದೆ, ತಲೆಯಾಸರೆ ಬೆನ್ನಿನ ಜೊತೆಗೇ ಇದೆ. ಕೆಲವದರಲ್ಲಿ ತಲೆಯ ಬಳಿ ಸ್ಪೀಕರ್ ಕೂಡ. ದೂರ ಪ್ರಯಾಣಕ್ಕೆ ಇದನ್ನು ಮೀರಿಸುವುದು ಕಷ್ಟ. ತೊಂದರೆ ಇರುವುದು ಅಡಿಯಲ್ಲಿ. ಮಾಜ್ದಾ ಹಳಿಯ ಕಾಲುಗಳನ್ನು ಮಾಡಿರುವುದು ಮಾಜ್ದಾ ನೆಲದ ಆಕಾರಕ್ಕೆ. ಎಂಜಿಬಿ ನೆಲದ ತೂತುಗಳಿಗೂ ಅವಕ್ಕೂ ಸಂಬಂಧವಿಲ್ಲ. ಕಾಲುಗಳನ್ನು ತೆಗೆದು, ಹಳಿಯನ್ನು ಚಪ್ಪಟೆ ಉಕ್ಕಿನ ಪಟ್ಟಿಗೆ ಕೂರಿಸಿ, ಆ ಪಟ್ಟಿಯನ್ನು ನೆಲಕ್ಕೆ ಬೋಲ್ಟ್ ಮಾಡುವುದು ರೂಢಿ. ಪಟ್ಟಿ 3 ಮಿಲಿಮೀಟರಿಗಿಂತ ತೆಳುವಾಗಿರಬಾರದು. ಸ್ಪರ್ಧೆಯ ಗಾಡಿಗಳ ಸೀಟು ಆಧಾರಕ್ಕೆ ಎಫ್‌ಐಎ (ಮೋಟಾರು ರೇಸಿನ ಅಂತರರಾಷ್ಟ್ರೀಯ ಸಂಸ್ಥೆ) ನಿಯಮ ಕೇಳುವುದೂ ಉಕ್ಕಿನಲ್ಲಿ ಕನಿಷ್ಠ ಅಷ್ಟನ್ನೇ, ಅಲ್ಯೂಮಿನಿಯಂ ಜಾತಿಯದ್ದಾದರೆ 5. ಇಷ್ಟಾದರೂ ಎತ್ತರ ಹೆಚ್ಚೇ ಇದ್ದರೆ ಕವರ್ ಬಿಚ್ಚಿ, ಸ್ಪಂಜಿನ ಅಡಿಭಾಗದಿಂದ ಸ್ವಲ್ಪ ಸ್ವಲ್ಪವೇ ಕತ್ತರಿಸಿ. ಮೇಲ್ಭಾಗ ಕತ್ತರಿಸಿದರೆ ಹಳ್ಳ ಬೀಳುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಮಾಜ್ದಾದಲ್ಲಿ ಬೆಲ್ಟಿನ ಬಕಲ್ ಸೀಟಿಗೇ ಬಿಗಿದಿರುತ್ತದೆ. ಕಾಲು ಕತ್ತರಿಸಿದ ಹಳಿಗೆ ಅದೇ ಬಕಲ್ ಉಳಿಸಿಕೊಂಡರೆ ಡಿಕ್ಕಿಯಾದಾಗ ನಿಮ್ಮ ಇಡೀ ಭಾರ ಮನೆಯಲ್ಲಿ ಕೊರೆದ ಆ ಪಟ್ಟಿಯ ಮೇಲೆ ಬೀಳುತ್ತದೆ. ಬಕಲ್ ಕಿತ್ತು ಬದಿಗಿಡಿ. ಎಂಜಿಬಿಯ ನಡುದಿಬ್ಬದ (ಎರಡು ಸೀಟುಗಳ ನಡುವಿನ ಉಬ್ಬು ನೆಲದ) ಮೂಲ ಜಾಗಕ್ಕೆ, 7/16 ಇಂಚಿನ ಯುಎನ್‌ಎಫ್ (ಇಂಚು ಅಳತೆಯ ಸಣ್ಣ ಎಳೆಯ) ಬೋಲ್ಟಿನಿಂದ, ಎಂಜಿಬಿಯದ್ದೇ ಬಕಲ್ ಹಾಕಿ.

ಮೂರನೆಯದು ಬಕೆಟ್, ಅಂದರೆ ಎರಡೂ ಪಕ್ಕ ಮೈಯನ್ನು ತಬ್ಬಿ ಹಿಡಿಯುವ ಸೀಟು. ಇಂಗ್ಲೆಂಡಿನ ಕೋಬ್ರಾದಂಥ ತಯಾರಕರು ಹಳೆ ಕಾಲದ ರೂಪದ ಸೀಟುಗಳನ್ನು ಚೆನ್ನಾಗಿಯೇ ಮಾಡುತ್ತಾರೆ. ಅರವತ್ತರ ದಶಕದ ಗಾಡಿಗೆ ಅದರಷ್ಟು ಒಪ್ಪುವುದು ಇನ್ನೊಂದಿಲ್ಲ. ತಗ್ಗಿನಲ್ಲಿ ಕೂರಿಸಬಹುದು, ತಿರುವಿನಲ್ಲಿ ಮೈ ಜಾರುವುದಿಲ್ಲ. ಆದರೆ ಬೆನ್ನು ಮಡಚದ ಬಕೆಟ್ ಹಾಕಿದ ಮೇಲೆ ಬ್ಯಾಟರಿ ನೆನಪಾಗುತ್ತದೆ. ಎಂಜಿಬಿಯ ಬ್ಯಾಟರಿ ಇರುವುದು ಸೀಟಿನ ಹಿಂದೆ, ನೆಲದ ಮುಚ್ಚಳದ ಕೆಳಗೆ. 1974ರವರೆಗೆ 6 ವೋಲ್ಟಿನ ಎರಡು. ನೀರು ನೋಡಲು ಪ್ರತಿಸಲವೂ ಕಸರತ್ತು. ಇನ್ನು ಬೆನ್ನು ಭುಜಕ್ಕಿಂತ ಕೆಳಗೇ ಮುಗಿಯುವ ಮಾದರಿಗಳು ಫೋಟೋಕ್ಕೆ ಸರಿ. ಹಿಂದಿನಿಂದ ಯಾರಾದರೂ ಗುದ್ದಿದರೆ ಕತ್ತಿಗೆ ಆಸರೆಯೇ ಇಲ್ಲ. ಅಂಥದ್ದಕ್ಕೆ ನಾಲ್ಕು ತುದಿಯ ಹಾರ್ನೆಸ್ (ರೇಸಿನ ಬೆಲ್ಟು) ಜೋಡಿಸಿ, ಭುಜದ ಪಟ್ಟಿಗಳನ್ನು ಹಿಂದಿನ ನೆಲಕ್ಕೆ ಕಟ್ಟುವುದು ಇನ್ನೂ ಕೆಟ್ಟದ್ದು: ಪಟ್ಟಿ ಭುಜವನ್ನು ಕೆಳಕ್ಕೆ ಒತ್ತಿ ಬೆನ್ನುಮೂಳೆಯನ್ನೇ ಹಿಸುಕುತ್ತದೆ. ರೇಸಿಗೆ ಹೋಗುವವರು ಎಫ್‌ಐಎಯ 8855-1999 ಮಾನದಂಡದ ಚೀಟಿ ಇರುವ ಸೀಟಿನ ವಾಯಿದೆ ತಯಾರಾದ ವರ್ಷದಿಂದ 5 ವರ್ಷ ಎಂಬುದನ್ನು ನೋಡಿಯೇ ಸೆಕೆಂಡ್‌ಹ್ಯಾಂಡ್ ಕೊಳ್ಳಲಿ.

ನಮ್ಮ ಕ್ರಮಾಂಕ ಇದೇ: ದುರಸ್ತಿ, ಮಾಜ್ದಾ, ಕೊನೆಗೆ ಬಕೆಟ್. ಆರಡಿ ದಾಟಿದವರಿಗೆ ಮಾತ್ರ ಬಕೆಟ್ ಮೇಲಕ್ಕೆ ಬರುತ್ತದೆ, ತಲೆಯಾಸರೆ ಇದ್ದರೆ.

ಯಾವುದನ್ನೇ ಹಾಕಿ, ನೆಲ ಗಟ್ಟಿ ಇರಬೇಕು. ಮೂಲ ಹಳಿಯ ಅಡಿಯ ಮರದ ಪಟ್ಟಿಗಳು ನೀರು ಹಿಡಿದಿಟ್ಟುಕೊಳ್ಳುತ್ತವೆ. ತುಕ್ಕು ಅಲ್ಲಿಂದಲೇ ಶುರು. ಬಿಚ್ಚುವ ಮೊದಲು ಗಾಡಿಯ ಕೆಳಗೆ ಹೋಗಿ, ನೆಲದಿಂದ ಹೊರಚಾಚಿದ ಬೋಲ್ಟಿನ ತುದಿಗಳನ್ನು ತಂತಿ ಬ್ರಷ್‌ನಿಂದ ಉಜ್ಜಿ ಎಣ್ಣೆ ಹಾಕಿ ರಾತ್ರಿ ಬಿಡಿ. ಇಲ್ಲದಿದ್ದರೆ ಬೋಲ್ಟಿನ ಜೊತೆ ಬೆಸುಗೆಯ ನಟ್ಟೂ ಕಿತ್ತು ಗಿರಗಿರ ತಿರುಗುತ್ತದೆ. ಇವು ಇಂಚಿನ ಯುಎನ್‌ಎಫ್ ಎಳೆಗಳು. ಡಬ್ಬಿಯಲ್ಲಿ ಸಿಕ್ಕ ಮೆಟ್ರಿಕ್ ಬೋಲ್ಟ್ ತುರುಕಬೇಡಿ. ಜೋಡಿಸುವಾಗ ನಾಲ್ಕನ್ನೂ ಒಮ್ಮೆಗೇ ಬಿಗಿದರೆ ನೆಲದ ಉಬ್ಬುತಗ್ಗಿಗೆ ಹಳಿ ತಿರುಚಿಕೊಂಡು ಸೀಟು ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ನಾಲ್ಕನ್ನೂ ಸಡಿಲ ಹಾಕಿ, ಸೀಟನ್ನು ತುದಿಯಿಂದ ತುದಿಗೆ ಐದಾರು ಸಲ ಸರಿಸಿ, ಹಿಂದೆ ತಳ್ಳಿ ಮುಂದಿನ ಎರಡು, ಮುಂದೆ ಎಳೆದು ಹಿಂದಿನ ಎರಡು ಬಿಗಿಯಿರಿ. ಯಾವ ಬೋಲ್ಟ್ ಬಿಗಿದಾಗ ಸೀಟು ಹಿಡಿದುಕೊಂಡಿತೋ ಅದರ ಕೆಳಗೆ ಒಂದು ವಾಷರ್ ಬೇಕು.