ಶಾಲೆಯ ಕೌನ್ಸೆಲರ್, ಬಡಾವಣೆಯ ಕ್ಲಿನಿಕ್, ಫೋನ್ ಸಹಾಯವಾಣಿ: ಯಾವುದು ಮೊದಲು?

ಹದಿಹರೆಯದವರಿಗೆ ಮಾನಸಿಕ ಆರೋಗ್ಯ ಸೇವೆ ಶುರುಮಾಡಬೇಕು, ಕೈಯಲ್ಲಿರುವ ದುಡ್ಡು ಒಂದಕ್ಕೇ ಸಾಕು, ಯಾವುದು ಅಂತ ಕೇಳಿದ್ದೀರಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 10ರಿಂದ 19 ವರ್ಷದ 7 ಜನರಲ್ಲಿ ಒಬ್ಬರಿಗೆ ಮಾನಸಿಕ ತೊಂದರೆಯಿದೆ. ಅಂದರೆ ಮೂವತ್ತು ಮಕ್ಕಳ ಒಂದು ತರಗತಿಯಲ್ಲಿ ಸರಾಸರಿ ನಾಲ್ಕೈದು ಮಕ್ಕಳು.

ಮಕ್ಕಳನ್ನು ತಲುಪುವುದರಲ್ಲಿ ಶಾಲೆಯೇ ಮುಂದು. ಬಸ್ಸು ಹತ್ತಬೇಕಿಲ್ಲ, ಅಪ್ಪ-ಅಮ್ಮನ ರಜೆಗೆ ಕಾಯಬೇಕಿಲ್ಲ. ಆದರೆ ಕೌನ್ಸೆಲರ್ ಕೋಣೆ ಸ್ಟಾಫ್ ರೂಮಿನ ಪಕ್ಕದಲ್ಲಿದ್ದು, ಬಾಗಿಲಿಗೆ ದೊಡ್ಡ ಬೋರ್ಡು ನೇತುಹಾಕಿದ್ದರೆ ಯಾವ ಹುಡುಗನೂ ಒಳಗೆ ಕಾಲಿಡುವುದಿಲ್ಲ. ಶಾಲೆ ಬಿಟ್ಟವರಂತೂ ಲೆಕ್ಕಕ್ಕೇ ಸಿಗುವುದಿಲ್ಲ.

ಗುಟ್ಟಿನ ವಿಷಯಕ್ಕೆ ಫೋನ್ ವಾಸಿ. ರಾತ್ರಿ ಹನ್ನೊಂದಕ್ಕೆ ಹೊದಿಕೆಯೊಳಗಿಂದ ಪಿಸುಗುಟ್ಟಬಹುದು, ಹೆಸರು ಹೇಳಬೇಕಿಲ್ಲ. ಶುರುವಿನ ಖರ್ಚೂ ಕಡಿಮೆ. ಆದರೆ ಕರೆ ತೆಗೆದುಕೊಳ್ಳುವವರಿಗೆ ತರಬೇತಿ, ಮೇಲ್ವಿಚಾರಣೆ ನಿರಂತರ ಬೇಕು. ಮುಂದೆ ಕಳಿಸಲು ಜಾಗವೇ ಇಲ್ಲದಿದ್ದರೆ ಅದು ಅರ್ಧ ಸೇತುವೆ.

ಮನೆಯವರನ್ನು ಸೇರಿಸಿಕೊಳ್ಳುವುದರಲ್ಲಿ ಕ್ಲಿನಿಕ್‌ಗೆ ಸಾಟಿಯಿಲ್ಲ. ಊಟವನ್ನೇ ಬಿಡುವ ಅನೊರೆಕ್ಸಿಯಾದಂಥ ಕಾಯಿಲೆಯಲ್ಲಿ ತಂದೆತಾಯಿಯೇ ಚಿಕಿತ್ಸೆಯ ಭಾಗ. ಅದು ಫೋನಿನಲ್ಲಿ ಐದು ನಿಮಿಷದಲ್ಲಿ ಮುಗಿಯುವ ಮಾತಲ್ಲ. ಖರ್ಚು ಮಾತ್ರ ಇದಕ್ಕೇ ಹೆಚ್ಚು. ಸಂಜೆ ತೆರೆದಿರದಿದ್ದರೆ ಅಷ್ಟೂ ದಂಡ.

ಹೆಚ್ಚಿನ ಮಕ್ಕಳು ಶಾಲೆಯಲ್ಲಿದ್ದು, ಹತ್ತಿರದಲ್ಲೇ ಆಸ್ಪತ್ರೆ ಇದ್ದರೆ ನಾನು ಕೌನ್ಸೆಲರ್‌ಗೆ ದುಡ್ಡು ಹಾಕುತ್ತೇನೆ. ಆಸ್ಪತ್ರೆಯೇ ದೂರವಾದರೆ ವಾರಕ್ಕೆ ಎರಡೇ ಸಂಜೆಯಾದರೂ ಸರಿ, ಕ್ಲಿನಿಕ್. ಚಿಕಿತ್ಸೆಯ ವ್ಯವಸ್ಥೆ ಇದ್ದೂ ನಾಚಿಕೆಯಿಂದ ಯಾರೂ ಬರುತ್ತಿಲ್ಲವೆಂದರೆ ಫೋನ್.