ಖಾಲಿ ಫೋಲ್ಡರನ್ನು ಹಂಚಿದ ಸರ್ವರ್: ಎನ್‌ಎಫ್‌ಎಸ್, ಸಾಂಬಾ ನಡೆಸುವವರಿಗೆ ಒಂದು ಎಚ್ಚರಿಕೆ

ಲಿನಕ್ಸ್ ಸರ್ವರಿನಿಂದ ಎನ್‌ಎಫ್‌ಎಸ್ ಅಥವಾ ಸಾಂಬಾ (ಎರಡೂ ನೆಟ್‌ವರ್ಕಿನಲ್ಲಿ ಕಡತ ಹಂಚುವ ವ್ಯವಸ್ಥೆಗಳು) ಮೂಲಕ ಕಚೇರಿಯ ಕಡತಗಳನ್ನು ಹಂಚುತ್ತಿರುವವರು, ಅದರಲ್ಲೂ ಅದೇ ಹಂಚಿಕೆಯಿಂದ ಪ್ರತಿರಾತ್ರಿ ಆರ್‌ಸಿಂಕ್ ಎಂಬ ನಕಲು ಮಾಡುವ ಸಾಧನ ಬಳಸಿ ಬ್ಯಾಕಪ್ ತೆಗೆಯುತ್ತಿರುವವರು, ಇದನ್ನು ಓದಿದ ಮೇಲೆ ಎನ್‌ಎಫ್‌ಎಸ್ ಏನನ್ನು ಹಂಚಬೇಕೆಂದು ಹೇಳುವ ತಮ್ಮ ಎಕ್ಸ್‌ಪೋರ್ಟ್ಸ್ ಫೈಲನ್ನು ತೆರೆದು ಅಲ್ಲಿ ‘ಎಂಪಿ’ ಎಂಬ ಎರಡಕ್ಷರದ ಆಯ್ಕೆ ಇದೆಯೇ ಎಂದು ನೋಡಿಕೊಳ್ಳಬೇಕೆಂದು ವಿನಂತಿಸುತ್ತೇನೆ. ನನ್ನ ಫೈಲಿನಲ್ಲಿ ಅದು ಇರಲಿಲ್ಲ. ಅದರಿಂದಾಗಿ ಹುಬ್ಬಳ್ಳಿಯ ಒಂದು ಮುದ್ರಣಾಲಯದ ಬ್ಯಾಕಪ್ ಒಂದೇ ರಾತ್ರಿಯಲ್ಲಿ ಅಳಿಸಿಹೋಯಿತು. ಅಳಿಸುವ ಕೆಲಸವನ್ನು ಮಾಡಿದ್ದು ಬ್ಯಾಕಪ್ ವ್ಯವಸ್ಥೆಯೇ.

ಆ ಮುದ್ರಣಾಲಯದ ಗಣಕಯಂತ್ರಗಳನ್ನು ನಾನು ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತೇನೆ. ಲಗ್ನಪತ್ರಿಕೆ, ಸ್ಮರಣ ಸಂಚಿಕೆ, ಕ್ಯಾಲೆಂಡರುಗಳ ಮೂಲ ಕಡತಗಳೆಲ್ಲ ಒಂದು ಡೆಬಿಯನ್ ಸರ್ವರಿನಲ್ಲಿದ್ದವು. ಆಪರೇಟಿಂಗ್ ಸಿಸ್ಟಮ್ ಇದ್ದದ್ದು ಒಳಗಿನ ಪುಟ್ಟ ಎಸ್‌ಎಸ್‌ಡಿಯಲ್ಲಿ. ಕಡತಗಳಿದ್ದದ್ದು ಹೊರಗಿಟ್ಟ, ತನ್ನದೇ ಅಡಾಪ್ಟರ್ ಇರುವ 8 ಟಿಬಿಯ ರೇಯ್ಡ್ ಪೆಟ್ಟಿಗೆಯಲ್ಲಿ (ಹಲವು ಡಿಸ್ಕುಗಳನ್ನು ಒಂದಾಗಿ ಬಳಸುವ ಪೆಟ್ಟಿಗೆ). ಆ ಪೆಟ್ಟಿಗೆಯನ್ನು ‘/ಎಸ್‌ಆರ್‌ವಿ/ಕೆಲಸ’ ಎಂಬ ಡೈರೆಕ್ಟರಿಯ ಮೇಲೆ ಮೌಂಟ್ ಮಾಡಿ (ಅಂದರೆ ಅದರ ಕಡತಗಳು ಆ ಡೈರೆಕ್ಟರಿಯಲ್ಲಿ ಕಾಣುವಂತೆ ಜೋಡಿಸಿ), ಡಿಟಿಪಿ ಮಾಡುವವರ ವಿಂಡೋಸ್ ಯಂತ್ರಗಳಿಗೆ ಸಾಂಬಾ ಮೂಲಕವೂ, ಹಿಂದಿನ ಕೋಣೆಯ ಬ್ಯಾಕಪ್ ಯಂತ್ರಕ್ಕೆ ಎನ್‌ಎಫ್‌ಎಸ್ ಮೂಲಕವೂ ಹಂಚಿದ್ದೆ. ಬ್ಯಾಕಪ್ ಯಂತ್ರ ರಾತ್ರಿ 11.30ಕ್ಕೆ ಬೇಕಾದಾಗ ತಾನಾಗಿ ಮೌಂಟ್ ಮಾಡುವ ಆಟೋಎಫ್‌ಎಸ್‌ನಿಂದ ಆ ಹಂಚಿಕೆಯನ್ನು ಹೊಸದಾಗಿ ಮೌಂಟ್ ಮಾಡಿಕೊಂಡು, ಮೂಲದಲ್ಲಿಲ್ಲದ ಕಡತಗಳನ್ನು ನಕಲಿನಿಂದಲೂ ಅಳಿಸುವ ‘--ಡಿಲೀಟ್’ ಆಯ್ಕೆಯೊಂದಿಗೆ ಆರ್‌ಸಿಂಕ್ ಓಡಿಸಿ, ಕೊನೆಯಲ್ಲಿ ನನಗೆ ‘ಬ್ಯಾಕಪ್ ಓಕೆ’ ಎಂದು ಮೇಲ್ ಕಳಿಸುತ್ತಿತ್ತು. ಎರಡು ವರ್ಷ ಆ ಮೇಲನ್ನು ತೆರೆಯದೆಯೇ ನಂಬಿದ್ದೆ.

ತಪ್ಪಿನ ಬೀಜ ಬಿತ್ತಿದವನು ನಾನೇ. ರೇಯ್ಡ್ ಪೆಟ್ಟಿಗೆ ಎಚ್ಚರಗೊಳ್ಳಲು ಬಹಳ ಸಮಯ ಹಿಡಿಯುತ್ತಿದ್ದುದರಿಂದ ಸರ್ವರ್ ಬೂಟ್ ಆಗುವಾಗ 90 ಸೆಕೆಂಡು ಕಾದು, ಡಿಸ್ಕ್ ಸಿಗದೆ ಎಮರ್ಜೆನ್ಸಿ ಮೋಡ್‌ಗೆ ಹೋಗಿ ನಿಲ್ಲುತ್ತಿತ್ತು. ಪ್ರತಿಸಲ ಧಾರವಾಡದಿಂದ ಓಡಿಬರುವುದು ಸಾಕಾಗಿ, ಯಾವ ಡಿಸ್ಕನ್ನು ಎಲ್ಲಿ ಮೌಂಟ್ ಮಾಡಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಆ ಪೆಟ್ಟಿಗೆಯ ಸಾಲಿಗೆ ‘ನೋಆಟೋ’ (ಬೂಟ್ ಆಗುವಾಗ ತಾನಾಗಿ ಮೌಂಟ್ ಮಾಡಬೇಡ) ಎಂದು ಸೇರಿಸಿ, ಕೆಲವು ನಿಮಿಷ ಮಲಗಿ ಎದ್ದು ಮೌಂಟ್ ಮಾಡುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದಿಟ್ಟೆ. ಮೌಂಟ್ ಆಗದಿದ್ದರೆ ಏನು ಮಾಡಬೇಕೆಂದು ಆ ಸ್ಕ್ರಿಪ್ಟಿನಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಇದಕ್ಕೂ ಹಿಂದೆ, ಸರ್ವರನ್ನು ಮೊದಲು ಸಿದ್ಧಪಡಿಸಿದ ದಿನ, ಪೆಟ್ಟಿಗೆ ಇನ್ನೂ ಬಂದಿರದಿದ್ದಾಗ ಪರೀಕ್ಷೆಗೆಂದು ಆ ಖಾಲಿ ಡೈರೆಕ್ಟರಿಗೆ 777 ಅನುಮತಿ (ಯಾರು ಬೇಕಾದರೂ ಬರೆಯಬಹುದು) ಕೊಟ್ಟು ಮರೆತುಬಿಟ್ಟಿದ್ದೆ.

ಮೇ ತಿಂಗಳ ಒಂದು ಶನಿವಾರ ಸಂಜೆ ಗುಡುಗುಮಳೆಗೆ ಕರೆಂಟ್ ಹೋಯಿತು, ಯುಪಿಎಸ್ ಬ್ಯಾಟರಿ ಇಳಿಯಿತು, ಸರ್ವರ್ ಆರಿತು. ಎಂಟು ಗಂಟೆಯ ಹೊತ್ತಿಗೆ ಕರೆಂಟ್ ಬಂದಾಗ ಸರ್ವರ್ ತಾನಾಗಿಯೇ ಎದ್ದಿತು. ಆದರೆ ಪೆಟ್ಟಿಗೆಯ ಅಡಾಪ್ಟರ್ ಸುಟ್ಟುಹೋಗಿತ್ತು. ಸ್ಕ್ರಿಪ್ಟ್ ಮೌಂಟ್ ಮಾಡಲು ಹೋಗಿ ಸೋತು ಸುಮ್ಮನಾಯಿತು. ಎನ್‌ಎಫ್‌ಎಸ್ ಮತ್ತು ಸಾಂಬಾ ಡೀಮನ್‌ಗಳು (ಹಿನ್ನೆಲೆಯಲ್ಲಿ ಓಡುವ ಸೇವೆಗಳು) ಮಾತ್ರ ಎಂದಿನಂತೆ ಎದ್ದು ಕೆಲಸಕ್ಕೆ ನಿಂತವು.

ಇಲ್ಲಿಯೇ ಮುಖ್ಯವಾದ ಸಂಗತಿ ಇದೆ. ಮೌಂಟ್ ಪಾಯಿಂಟ್ ಎಂಬುದು ಒಂದು ಮಾಮೂಲಿ ಡೈರೆಕ್ಟರಿ. ಡಿಸ್ಕ್ ಅದರ ಮೇಲೆ ಕುಳಿತಾಗ ಡಿಸ್ಕಿನ ಕಡತಗಳು ಕಾಣುತ್ತವೆ, ಡಿಸ್ಕ್ ಇಲ್ಲದಾಗ ಕೆಳಗಿನ ಬರಿದಾದ ಡೈರೆಕ್ಟರಿ ಕಾಣುತ್ತದೆ. ಎಕ್ಸ್‌ಪೋರ್ಟ್ಸ್ ಫೈಲಿನಲ್ಲಿ ನಾವು ಬರೆಯುವುದು ಡಿಸ್ಕಿನ ಹೆಸರನ್ನಲ್ಲ, ದಾರಿಯ ಹೆಸರನ್ನು. ಆ ದಾರಿಯಲ್ಲಿ ಡೈರೆಕ್ಟರಿಯೊಂದು ಇದ್ದರೆ ಡೀಮನ್‌ಗೆ ಅಷ್ಟೇ ಸಾಕು. ಸರ್ವರ್ ಬಿದ್ದು ಎದ್ದರೂ ಏನೂ ನಡೆದೇ ಇಲ್ಲವೆಂಬಂತೆ ಕೆಲಸ ಮುಂದುವರಿಯಬೇಕು ಎಂಬುದು ಸನ್ ಮೈಕ್ರೋಸಿಸ್ಟಮ್ಸ್ 1980ರ ದಶಕದಲ್ಲಿ ಎನ್‌ಎಫ್‌ಎಸ್ ರೂಪಿಸಿದಾಗಿನ ಆಶಯ. ನಮ್ಮಲ್ಲಿ ಅದು ಅಕ್ಷರಶಃ ಹಾಗೆಯೇ ಮುಂದುವರಿಯಿತು.

11.30ಕ್ಕೆ ಆರ್‌ಸಿಂಕ್ ಓಡಿತು. ಮೂಲದಲ್ಲಿ ಒಂದು ಕಡತವೂ ಇಲ್ಲ, ಆದ್ದರಿಂದ ನಕಲಿನಲ್ಲಿಯೂ ಇರಬಾರದು ಎಂದು ಅದು ತೀರ್ಮಾನಿಸಿತು. ಓದುವಾಗ ದೋಷ ಕಂಡುಬಂದರೆ ಆರ್‌ಸಿಂಕ್ ಅಳಿಸುವ ಕೆಲಸವನ್ನು ತಾನಾಗಿಯೇ ಕೈಬಿಡುತ್ತದೆ. ಎನ್‌ಎಫ್‌ಎಸ್ ಡೀಮನ್ ಅಂದು ಏಳದೇ ಇದ್ದಿದ್ದರೆ, ಅಥವಾ ಅರ್ಧಕ್ಕೆ ಕೆಟ್ಟು ದೋಷ ಕೊಟ್ಟಿದ್ದರೂ, ಬ್ಯಾಕಪ್ ಉಳಿಯುತ್ತಿತ್ತು. ಆದರೆ ಡೀಮನ್ ಪೂರ್ತಿ ಆರೋಗ್ಯವಾಗಿತ್ತು. ಖಾಲಿ ಡೈರೆಕ್ಟರಿಯನ್ನು ಯಾವ ದೋಷವೂ ಇಲ್ಲದೆ ಓದಿಸಿಕೊಟ್ಟಿತು. ಆರ್‌ಸಿಂಕ್ ಸೊನ್ನೆ ಎಂಬ ಯಶಸ್ಸಿನ ಸಂಕೇತದೊಂದಿಗೆ ಮುಗಿಯಿತು, ಸ್ಕ್ರಿಪ್ಟ್ ‘ಬ್ಯಾಕಪ್ ಓಕೆ’ ಎಂದು ಮೇಲ್ ಕಳಿಸಿತು.

ಸೋಮವಾರ ಬೆಳಗ್ಗೆ ಡಿಟಿಪಿ ವಿಭಾಗದ ಹುಡುಗ ಫೋನ್ ಮಾಡಿ, “ಸರ್, ಫೋಲ್ಡರ್ ಎಲ್ಲಾ ಖಾಲಿ ಅದಾವ್ರಿ, ನೀವ ಏನರ ಬ್ಯಾರೆ ಕಡೆ ಇಟ್ಟೀರೇನ್ರಿ?” ಎಂದು ಕೇಳಿದ. ಇಟ್ಟಿರಲಿಲ್ಲ. ಸರ್ವರಿಗೆ ಲಾಗಿನ್ ಆಗಿ ಡಿಸ್ಕಿನ ಗಾತ್ರ ತೋರಿಸುವ ಡಿಎಫ್ ಆದೇಶ ಕೊಟ್ಟಾಗ ‘ಕೆಲಸ’ ಡೈರೆಕ್ಟರಿಯ ಮುಂದೆ ಎಂದಿನ 7.3ಟಿ ಬದಲು 46ಜಿ ಎಂದಿತ್ತು, ಅಂದರೆ ಒಳಗಿನ ಎಸ್‌ಎಸ್‌ಡಿಯ ಗಾತ್ರ. ಪೆಟ್ಟಿಗೆ ಮೌಂಟ್ ಆಗಿಲ್ಲವೆಂದು ತಿಳಿದಾಗ, ನಿಜ ಹೇಳಬೇಕೆಂದರೆ, ಸಮಾಧಾನವೇ ಆಯಿತು. ಹೇಗಿದ್ದರೂ ಬ್ಯಾಕಪ್ ಇದೆಯಲ್ಲ ಎಂದುಕೊಂಡೆ. ಬ್ಯಾಕಪ್ ಯಂತ್ರದ ಲಾಗ್ ತೆರೆದಾಗ ಪರದೆಯ ಮೇಲೆ ‘ಡಿಲೀಟಿಂಗ್’ ಎಂಬ ಪದದಿಂದ ಆರಂಭವಾಗುವ ಸಾಲುಗಳು ಒಂದರ ಹಿಂದೊಂದು ಓಡತೊಡಗಿದವು: ಲಗ್ನಪತ್ರಿಕೆ, 2019, ಮೇ, ಲಗ್ನಪತ್ರಿಕೆ, 2019, ಏಪ್ರಿಲ್. ಕೆಳಗೆ ಹೋಗಲು ಒತ್ತಿಹಿಡಿದ ಕೀಲಿಯಿಂದ ಬೆರಳು ತೆಗೆಯಲಾಗಲಿಲ್ಲ, ಸಾಲುಗಳೂ ಮುಗಿಯಲಿಲ್ಲ.

ಅಡಾಪ್ಟರ್ ಬದಲಿಸಿದ ಮೇಲೆ ಪೆಟ್ಟಿಗೆ ಎದ್ದಿತು, ಆದರೆ ಹಠಾತ್ ಆರಿದ ಹೊಡೆತಕ್ಕೆ ಅದರ ಫೈಲ್‌ಸಿಸ್ಟಮ್ ಜಖಂಗೊಂಡಿತ್ತು. ಅದನ್ನು ಸರಿಪಡಿಸುವ ಎಫ್‌ಎಸ್‌ಸಿಕೆ ಮುಗಿದಾಗ ಹೆಚ್ಚಿನ ಫೋಲ್ಡರುಗಳು ಸುರಕ್ಷಿತವಾಗಿದ್ದರೂ, ಸುಮಾರು ನಾಲ್ಕು ಸಾವಿರ ಕಡತಗಳು ‘ಲಾಸ್ಟ್+ಫೌಂಡ್’ ಡೈರೆಕ್ಟರಿಯಲ್ಲಿ #131073 ಎಂಬಂತಹ ಐನೋಡ್ ಸಂಖ್ಯೆಗಳನ್ನೇ (ಫೈಲ್‌ಸಿಸ್ಟಮ್ ಒಳಗೆ ಕಡತಕ್ಕೆ ಕೊಡುವ ಸಂಖ್ಯೆ) ಹೆಸರಾಗಿ ಹೊತ್ತು ಬಿದ್ದಿದ್ದವು. ಬ್ಯಾಕಪ್ ಇದ್ದಿದ್ದರೆ ಅರ್ಧ ದಿನದ ಕೆಲಸವಾಗುತ್ತಿತ್ತು. ಒಂದೊಂದನ್ನೂ ತೆರೆದು, ವಧೂವರರ ಹೆಸರು ಓದಿ, ಯಾವ ಫೋಲ್ಡರಿನದೆಂದು ಊಹಿಸಿ ಇಡಲು ಆ ಹುಡುಗನಿಗೂ ನನಗೂ ಮೂರು ವಾರ ಹಿಡಿಯಿತು. ತೆರೆಯಲು ಬಾರದ ಕಡತಗಳನ್ನು ಕೈಬಿಟ್ಟೆವು.

ಈಗ ಮಾಡಿರುವ ಬದಲಾವಣೆಗಳಲ್ಲಿ ಮೊದಲನೆಯದು ಎಕ್ಸ್‌ಪೋರ್ಟ್ಸ್ ಸಾಲಿಗೆ ‘ಎಂಪಿ’ ಸೇರಿಸಿದ್ದು. ಅದಿದ್ದರೆ ಆ ಡೈರೆಕ್ಟರಿಯ ಮೇಲೆ ನಿಜವಾಗಿಯೂ ಏನಾದರೂ ಮೌಂಟ್ ಆಗಿದ್ದರೆ ಮಾತ್ರ ಎನ್‌ಎಫ್‌ಎಸ್ ಅದನ್ನು ಹಂಚುತ್ತದೆ. ಸಾಂಬಾದಲ್ಲಿ ಈ ಹೆಸರಿನ ಆಯ್ಕೆ ಇಲ್ಲ. ಅಲ್ಲಿ ‘ರೂಟ್ ಪ್ರಿಎಕ್ಸೆಕ್’ (ಸಂಪರ್ಕಕ್ಕೆ ಮುನ್ನ ಓಡಬೇಕಾದ ಆದೇಶ) ಎಂಬಲ್ಲಿ, ಏನಾದರೂ ಮೌಂಟ್ ಆಗಿದೆಯೇ ಎಂದು ನೋಡುವ ‘ಮೌಂಟ್‌ಪಾಯಿಂಟ್ -ಕ್ಯೂ’ ಆದೇಶವನ್ನು ಕೊಟ್ಟು, ‘ರೂಟ್ ಪ್ರಿಎಕ್ಸೆಕ್ ಕ್ಲೋಸ್’ ಎಂಬುದನ್ನು ‘ಯೆಸ್’ ಮಾಡಿದರೆ, ಡಿಸ್ಕ್ ಇಲ್ಲದಾಗ ಸಂಪರ್ಕವನ್ನೇ ನಿರಾಕರಿಸುತ್ತದೆ. ನನ್ನ ನಾಲ್ಕು ಸಾಲಿನ ಸ್ಕ್ರಿಪ್ಟನ್ನು ಕಿತ್ತುಹಾಕಿ, ಎಫ್‌ಎಸ್‌ಟ್ಯಾಬ್‌ನಲ್ಲಿ ‘ನೋಆಟೋ’ ತೆಗೆದು ‘ನೋಫೇಲ್’ (ಡಿಸ್ಕ್ ಸಿಗದಿದ್ದರೂ ಬೂಟ್ ನಿಲ್ಲಬಾರದು) ಹಾಕಿ, ಡಿಸ್ಕಿಗಾಗಿ ಕಾಯುವ ಅವಧಿಯನ್ನು 300 ಸೆಕೆಂಡಿಗೆ ಏರಿಸಿದ್ದೇನೆ. ಈಚಿನ ಎನ್‌ಎಫ್‌ಎಸ್ ಪ್ಯಾಕೇಜುಗಳು ಹಂಚಿಕೆಯ ದಾರಿಗಳನ್ನು ಓದಿಕೊಂಡು ಆಯಾ ಮೌಂಟ್ ಆಗುವವರೆಗೆ ಎನ್‌ಎಫ್‌ಎಸ್ ಡೀಮನ್ ಅನ್ನು ತಡೆಹಿಡಿಯುವಂತೆ, ಸೇವೆಗಳನ್ನು ಆರಂಭಿಸುವ ಸಿಸ್ಟಮ್‌ಡಿಗೆ ತಾವೇ ತಿಳಿಸುತ್ತವೆ. ‘ನೋಆಟೋ’ ಬರೆದು ಆ ರಕ್ಷಣೆಯನ್ನು ನಾನೇ ಕಳಚಿದ್ದೆ.

ಕೆಳಗಿನ ಖಾಲಿ ಡೈರೆಕ್ಟರಿಯ ಅನುಮತಿಯನ್ನೂ ಸರಿಪಡಿಸಬೇಕು. ಡಿಸ್ಕನ್ನು ಅನ್‌ಮೌಂಟ್ ಮಾಡಿ, ಆ ಡೈರೆಕ್ಟರಿಗೆ 000 ಅನುಮತಿ (ಯಾರಿಗೂ ಇಲ್ಲ) ಕೊಟ್ಟು, ‘ಸಿಎಚ್‌ಆಟರ್ +ಐ’ (ಬದಲಾಯಿಸದಂತೆ ಬೀಗ) ಹಾಕಿದರೆ ಸರ್ವಾಧಿಕಾರವುಳ್ಳ ರೂಟ್ ಬಳಕೆದಾರನಿಗೂ ಅದರೊಳಗೆ ಬರೆಯಲಾಗದು; ಮೇಲೆ ಡಿಸ್ಕ್ ಮೌಂಟ್ ಮಾಡಲು ಇದು ಅಡ್ಡಿಯಲ್ಲ. ನಮ್ಮಲ್ಲಿ 777 ಇದ್ದುದರಿಂದ ಸೋಮವಾರ ಬೆಳಗ್ಗೆ ಇಬ್ಬರು ಹೊಸ ಕೆಲಸಗಳನ್ನು ಅಲ್ಲಿಯೇ ಉಳಿಸಿದ್ದರು; ಪೆಟ್ಟಿಗೆ ಮೌಂಟ್ ಆದ ಕೂಡಲೇ ಅವು ಕೆಳಗೆ ಮುಚ್ಚಿಹೋದವು. ಹೀಗಾದರೆ ಗಾಬರಿಯಾಗಬೇಡಿ: ರೂಟ್ ಫೈಲ್‌ಸಿಸ್ಟಮನ್ನು (ಒಳಗಿನ ಎಸ್‌ಎಸ್‌ಡಿಯದು) ಬೇರೊಂದು ಡೈರೆಕ್ಟರಿಗೆ ಬೈಂಡ್ ಮೌಂಟ್ ಮಾಡಿ, ಅಂದರೆ ಅದು ಅಲ್ಲಿಯೂ ಕಾಣುವಂತೆ ಮಾಡಿ ನೋಡಿದರೆ ಮುಚ್ಚಿಹೋದ ಕಡತಗಳು ಕಾಣುತ್ತವೆ. ಡಿಸ್ಕನ್ನು ಮರಳಿ ಮೌಂಟ್ ಮಾಡುವ ಮೊದಲು ಎರಡೂ ಡೀಮನ್‌ಗಳನ್ನು ನಿಲ್ಲಿಸಿರಿ.

ಬ್ಯಾಕಪ್ ಯಂತ್ರದಲ್ಲಿ ಈಗ ಮೂಲದೊಳಗೆ ‘ಡಿಸ್ಕ್‌ಇದೆ’ ಎಂಬ ಗುರುತಿನ ಕಡತ ಸಿಕ್ಕರೆ ಮಾತ್ರ ಆರ್‌ಸಿಂಕ್ ಓಡುತ್ತದೆ, ಅದಕ್ಕೆ ‘--ಮ್ಯಾಕ್ಸ್-ಡಿಲೀಟ್=500’ ಎಂಬ ಮಿತಿಯೂ ಇದೆ. ಕ್ಲೈಂಟಿನಲ್ಲಿ (ಹಂಚಿಕೆಯನ್ನು ಬಳಸುವ ಯಂತ್ರದಲ್ಲಿ) ಆಟೋಎಫ್‌ಎಸ್ ಇಲ್ಲದೆ ಎಫ್‌ಎಸ್‌ಟ್ಯಾಬ್‌ನಿಂದಲೇ ಮೌಂಟ್ ಮಾಡುವವರಿಗೆ ಈ ಗುರುತಿನ ಕಡತ ಇನ್ನೂ ಅಗತ್ಯ, ಏಕೆಂದರೆ ಅಲ್ಲಿ ಮೌಂಟ್ ಸೋತರೆ ಕ್ಲೈಂಟಿನದೇ ಖಾಲಿ ಡೈರೆಕ್ಟರಿ ಮೂಲವಾಗಿಬಿಡುತ್ತದೆ. ಇಷ್ಟನ್ನೂ ಮಾಡಿದ ಮೇಲೆ ಒಂದು ಭಾನುವಾರ ಬ್ಯಾಕಪ್ ಡಿಸ್ಕಿನ ಒಂದು ಪ್ರತಿಯನ್ನು ಬೇರೆಯಾಗಿ ತೆಗೆದಿಟ್ಟು, ಸರ್ವರ್ ಆರಿಸಿ, ರೇಯ್ಡ್ ಪೆಟ್ಟಿಗೆಯ ಅಡಾಪ್ಟರ್ ಕಿತ್ತು, ಸರ್ವರನ್ನು ಮಾತ್ರ ಹಚ್ಚಿ ಕುಳಿತೆ. ವಿಂಡೋಸ್ ಯಂತ್ರ ಹಂಚಿಕೆಯನ್ನು ತೆರೆಯಲಿಲ್ಲ, ಆರ್‌ಸಿಂಕ್ ಓಡಲಿಲ್ಲ, ನನ್ನ ಫೋನಿಗೆ ‘ಬ್ಯಾಕಪ್ ಆಗಿಲ್ಲ’ ಎಂಬ ಮೇಲ್ ಬಂದಿತು.