ಕಳಚಿದ ಕ್ಯಾಪನ್ನು ಮತ್ತೆ ಅಂಟಿಸುವ ಮೊದಲು ಅದರ ಒಳಗೋಡೆ ನೋಡಿ

ಬೀದರ್‌ನ ಒಂದು ಕ್ಲಿನಿಕ್‌ನಲ್ಲಿ ದವಡೆ ಹಲ್ಲಿಗೆ ಕೂರಿಸಿದ ಝಿರ್ಕೋನಿಯಾ (ಒಂದು ಬಗೆಯ ಗಟ್ಟಿ ಸೆರಾಮಿಕ್) ಕ್ಯಾಪ್ ಮೂರು ವಾರ ತುಂಬುವ ಮೊದಲೇ ಕಡಕ್ ರೊಟ್ಟಿಯ ತುಂಡಿನ ಜೊತೆ ಕೈಗೆ ಬಂತು. ಮತ್ತೆ ಅಂಟಿಸಿದರು, ಮತ್ತೆ ಬಂತು. ಎರಡು ಸಲವೂ ತಪ್ಪು ರೊಟ್ಟಿಯ ಮೇಲೆ ಬಿತ್ತು.

ಕ್ಯಾಪಿನೊಳಗೆ ಇಣುಕಿದ್ದರೆ ಮೊದಲ ಸಲವೇ ಗೊತ್ತಾಗುತ್ತಿತ್ತು. ಒಳಗೋಡೆ ಸ್ಟೀಲ್ ಲೋಟದಂತೆ ನುಣ್ಣಗೆ ಹೊಳೆಯುತ್ತಿತ್ತು, ಸಿಮೆಂಟು ಪೂರಾ ಹಲ್ಲಿನ ಮೇಲೇ ಕೂತಿತ್ತು. ಅಂದರೆ ಹಲ್ಲಿನ ಕಡೆ ಹಿಡಿತ ಸರಿ, ಸೆರಾಮಿಕ್ ಕಡೆ ಹಿಡಿದೇ ಇಲ್ಲ. ಸಿಮೆಂಟು ಕ್ಯಾಪಿನಲ್ಲಿ ಉಳಿದು ಹಲ್ಲು ಬರಿದಾಗಿದ್ದರೆ ತೇವ, ರಕ್ತ, ಡೆಂಟಿನ್ (ಹಲ್ಲಿನ ಒಳಪದರ) ಜೊತೆಗಿನ ಬಾಂಡಿಂಗ್, ಅಂದರೆ ಅಂಟಿನ ಹಿಡಿತದ ಕಡೆ ಹುಡುಕಬೇಕಿತ್ತು.

ಲ್ಯಾಬ್ ಚೀಟಿಯಲ್ಲಿ ಬರೀ 'ಸೆರಾಮಿಕ್' ಎಂದಿತ್ತು. ಗಾಜಿನ ಅಂಶವಿರುವ ಲಿಥಿಯಂ ಡೈಸಿಲಿಕೇಟ್ ಎಂಬ ಸೆರಾಮಿಕ್ ಇರಬೇಕು ಅಂದುಕೊಂಡು ಹೈಡ್ರೋಫ್ಲೋರಿಕ್ ಆಸಿಡ್ ಹಚ್ಚಿ, ಫಾಸ್ಫಾರಿಕ್ ಆಸಿಡ್‌ನಲ್ಲಿ ಉಜ್ಜಿ, ಸೆರಾಮಿಕ್ಕನ್ನು ಸಿಮೆಂಟಿಗೆ ಬೆಸೆಯುವ ಸೈಲೇನ್ ದ್ರವ ಬಳಿದರು. ಝಿರ್ಕೋನಿಯಾಕ್ಕೆ ಮೂರೂ ದಂಡ.

ಬೀದರ್‌ನವರಿಗೆ ಇದನ್ನು ವಿವರಿಸುವುದು ಸುಲಭ. ಬಿದ್ರಿ ಪಾತ್ರೆಗೆ ಕೋಟೆಯ ಮಣ್ಣು, ನವಸಾಗರದ ಲೇಪ ಕೊಟ್ಟರೆ ಸತು-ತಾಮ್ರದ ಎರಕ ಕಪ್ಪಾಗುತ್ತದೆ, ಬೆಳ್ಳಿ ಕುಸುರಿ ಬೆಳ್ಳಗೇ ಉಳಿಯುತ್ತದೆ. ಹೈಡ್ರೋಫ್ಲೋರಿಕ್ ಆಸಿಡ್‌ಗೂ ಆಯ್ಕೆಯಿದೆ: ಅದು ಗಾಜಿನ ಅಂಶವನ್ನು ಕರಗಿಸಿ ಸೂಕ್ಷ್ಮ ಗುಳಿಗಳನ್ನು ಮಾಡುತ್ತದೆ. ಝಿರ್ಕೋನಿಯಾದಲ್ಲಿ ಗಾಜೇ ಇಲ್ಲ. ಸೈಲೇನ್‌ಗೂ ಸಿಲಿಕಾ ಬೇಕು. ಫಾಸ್ಫಾರಿಕ್ ಆಸಿಡ್ ಅಂತೂ ಇನ್ನೂ ಕೆಡುಕು. ಅದು ಬಿಟ್ಟುಹೋಗುವ ಫಾಸ್ಫೇಟ್, ಝಿರ್ಕೋನಿಯಾವನ್ನು ಹಿಡಿಯುವ ಎಂಡಿಪಿ ಎಂಬ ರಾಸಾಯನಿಕ ಕೂರಬೇಕಾದ ಜಾಗವನ್ನು ಮೊದಲೇ ಹಿಡಿದುಬಿಡುತ್ತದೆ. ಎಂಜಲು ತಾಕಿದರೂ ಇದೇ ಕಥೆ.

ಹಾಗಾಗಿ ಬಾಯಲ್ಲಿ ಅಳತೆ ನೋಡುವುದು ಮೊದಲು, ಸ್ಯಾಂಡ್‌ಬ್ಲಾಸ್ಟ್ (ಗಾಳಿಯ ಒತ್ತಡದಲ್ಲಿ ಪುಡಿ ಊದಿ ಒರಟು ಮಾಡುವುದು) ಆಮೇಲೆ. ಲ್ಯಾಬ್‌ನವರು ಮಾಡಿ ಕಳಿಸಿದ್ದಾರೆ ಎಂದು ಬಿಡಬೇಡಿ. 50 ಮೈಕ್ರಾನ್ ಅಲ್ಯೂಮಿನಾ, 1ರಿಂದ 2 ಬಾರ್ ಒತ್ತಡ, ಸುಮಾರು 10 ಮಿ.ಮೀ. ದೂರ. ಒಂದೇ ಕಡೆ ನಿಲ್ಲಿಸದೆ ನಳಿಕೆ ಆಡಿಸುತ್ತಿರಿ. ಒಳಗೋಡೆಗೆ ಮೊದಲೇ ಪೆನ್ಸಿಲ್ ಗೀಟು ಎಳೆದುಕೊಳ್ಳಿ. ಎಲ್ಲ ಗೀಟು ಅಳಿದು ಹೊಳಪು ಮಂಕಾದರೆ ಸಾಕು. ಮೂಲೆಯಲ್ಲಿ ಉಳಿದ ಒಂದು ಗೀಟು ಎಲ್ಲಿ ಧೂಳು ತಾಕಿಲ್ಲ ಎಂದು ತೋರಿಸುತ್ತದೆ. ಹೆಚ್ಚು ಪಾರದರ್ಶಕವಾದ ಝಿರ್ಕೋನಿಯಾ ಬಲದಲ್ಲಿ ಕಮ್ಮಿ, ಅದಕ್ಕೆ ಒತ್ತಡ ಕೆಳಗಿನ ಅಂಚಿನಲ್ಲೇ ಇರಲಿ. ಆಮೇಲೆ ಎಂಡಿಪಿ ಪ್ರೈಮರ್ (ಸಿಮೆಂಟಿಗೆ ಮೊದಲು ಬಳಿಯುವ ದ್ರವ), ರೆಸಿನ್ ಸಿಮೆಂಟ್.

ಅರೆದ ದವಡೆ ಹಲ್ಲಿಗೆ 4 ಮಿ.ಮೀ. ಎತ್ತರ, ಹೆಚ್ಚು ಓರೆಯಾಗದ ಗೋಡೆ ಇದ್ದರೆ ಸಾಮಾನ್ಯ ಗ್ಲಾಸ್ ಅಯಾನೋಮರ್ ಸಿಮೆಂಟ್ ಕೂಡ ಝಿರ್ಕೋನಿಯಾವನ್ನು ಹಿಡಿದಿಡುತ್ತದೆ. ಈ ಹಲ್ಲು ಗಿಡ್ಡ. ಇಂಥಲ್ಲಿ ಇಡೀ ಭಾರ ಬಾಂಡಿಂಗ್ ಮೇಲೆ.

ನಿಜವಾಗಿ ಡೈಸಿಲಿಕೇಟ್ ಆಗಿದ್ದರೆ ದಾರಿ ಬೇರೆ: 5% ಹೈಡ್ರೋಫ್ಲೋರಿಕ್, 20 ಸೆಕೆಂಡು. ಹೆಚ್ಚು ಹೊತ್ತು ಬಿಟ್ಟರೆ ಹಿಡಿತ ಹೆಚ್ಚುವುದಿಲ್ಲ, ಸೆರಾಮಿಕ್ಕೇ ಸೊರಗುತ್ತದೆ. ತೊಳೆದ ಮೇಲೆ ಸುಣ್ಣದ ಪುಡಿಯಂಥ ಬಿಳುಪು ಕಂಡರೆ ಅದು ಉಪ್ಪಿನ ಶೇಷ. ಬೋರ್‌ವೆಲ್ ನೀರಿನ ಗಡಸು ಬೇರೆ ಸೇರುವುದು ಬೇಡ, ಡಿಸ್ಟಿಲ್ಡ್ ನೀರಿನಲ್ಲಿ 5 ನಿಮಿಷ ಅಲ್ಟ್ರಾಸೋನಿಕ್ ಕೊಡಿ. ನಂತರ ಸೈಲೇನ್ 60 ಸೆಕೆಂಡು, ಗಾಳಿಯಲ್ಲಿ ಒಣಗಿಸಿ. ಏಪ್ರಿಲ್-ಮೇ ಬಿಸಿಲಲ್ಲಿ ಕಪಾಟಿನಲ್ಲೇ ಬಿಟ್ಟ ಸೈಲೇನ್ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ. ತಿಳಿಯಾಗಿರಬೇಕಾದ್ದು ಮಜ್ಜಿಗೆ ನೀರಿನಂತಾಗಿದ್ದರೆ ಚೆಲ್ಲಿ.

ಹೈಡ್ರೋಫ್ಲೋರಿಕ್ ಆಸಿಡ್ ಬಾಯೊಳಗೆ ಆಟವಾಡುವ ವಸ್ತುವಲ್ಲ. ಚರ್ಮಕ್ಕೆ ತಾಕಿದರೆ ಉರಿ ತಡವಾಗಿ ಕಾಣಿಸಬಹುದು, ಗಾಯ ಒಳಗೊಳಗೇ ಇಳಿಯುತ್ತದೆ. 2.5% ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಇಲ್ಲದ ಕ್ಲಿನಿಕ್‌ನಲ್ಲಿ ಅದರ ಮುಚ್ಚಳ ತೆಗೆಯಲೇಬಾರದು.

ಕ್ಯಾಪ್ ಹಾಕಿಸಿಕೊಳ್ಳುವವರು ಲ್ಯಾಬ್ ಚೀಟಿಯ ಪ್ರತಿ ಕೇಳಿ ಇಟ್ಟುಕೊಳ್ಳಿ. ಅದರಲ್ಲಿ ಸೆರಾಮಿಕ್‌ನ ನಿಖರ ಹೆಸರಿರಲಿ. ಕಳಚಿ ಬಂದರೆ ಒಳಗಿನ ಸಿಮೆಂಟು ಕೆರೆಯಬೇಡಿ, ಅಂಗಡಿಯ ದಿಢೀರ್ ಅಂಟು ಹಾಕಬೇಡಿ. ಇದ್ದ ಹಾಗೇ ಒಂದು ಡಬ್ಬಿಯಲ್ಲಿ ಹಾಕಿಕೊಂಡು ಬೇಗ ಹೋಗಿ. ತಡ ಮಾಡಿದರೆ ಅಕ್ಕಪಕ್ಕದ ಹಲ್ಲು ವಾಲಿ, ಅದೇ ಕ್ಯಾಪ್ ಮತ್ತೆ ಕೂರದೇ ಹೋಗಬಹುದು.